ಪದಚರ್ಚೆ: ಮರಹಲ್ಲಿಯೋ, ಹಾವುರಾಣಿಯೋ?

ಪ್ರಶ್ನೆ: ಕ್ಯಾಮರೂನಿನ ಮಳೆಕಾಡಿನ ಲೇಖನವೊಂದರಲ್ಲಿ 'ಟ್ರೀ ಸ್ಕಿಂಕ್' ಎಂದಿದೆ. ಚಿತ್ರದಲ್ಲಿ ಕಾಂಡ ಹತ್ತುತ್ತಿರುವ ಕಂದು ಪ್ರಾಣಿ, ಬಿಳಿಚಿದ ತುಟಿಯಲ್ಲಿ ಕಪ್ಪು ಚುಕ್ಕೆ. 'ಮರಹಲ್ಲಿ' ಎಂದು ಬರೆಯಬಹುದೇ? ಇದು ಯಾವ ಪ್ರಭೇದ?

ಉತ್ತರ: ಹಲ್ಲಿ ಬೇಡ. ಮನೆಹಲ್ಲಿಗೆ ರೆಪ್ಪೆಯಿಲ್ಲ, ಚರ್ಮ ಮೆತ್ತಗೆ, ಬೆರಳಿನಡಿ ಅಂಟುಮೆತ್ತೆ. ಸ್ಕಿಂಕಿಗೆ ರೆಪ್ಪೆಯಿದೆ, ಮೈತುಂಬ ಹೆಂಚು ಹೊದಿಸಿದ ಹಾಗೆ ಹೊಳೆಯುವ ಹುರುಪೆ. ಅದಕ್ಕೆ ಹಾವುರಾಣಿ ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲೇ ಇದೆ.

ವರ್ಣನೆ ನೋಡಿದರೆ ಟ್ರಾಕಿಲೆಪಿಸ್ ಮ್ಯಾಕುಲಿಲಾಬ್ರಿಸ್ ಇರಬೇಕು. 1845ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಗ್ರೇ ಇಟ್ಟ 'ಮ್ಯಾಕುಲಿಲಾಬ್ರಿಸ್' ಎಂಬ ಹೆಸರಿನ ಅರ್ಥವೇ 'ಚುಕ್ಕೆತುಟಿ'. ಆದರೆ ತುಟಿಯೊಂದನ್ನೇ ನಂಬಬೇಡಿ. ಬೆನ್ನಿನ ಒಂದೊಂದು ಹುರುಪೆಯ ಮೇಲೂ ಉದ್ದುದ್ದ ಏಣುಗಳಿರುತ್ತವೆ. ಈ ಪ್ರಭೇದದಲ್ಲಿ ಸಾಮಾನ್ಯವಾಗಿ ಐದರಿಂದ ಏಳು. ಎದುರು ಬೆಳಕಿನ ಫ್ಲ್ಯಾಶ್ ಹೊಡೆದರೆ ಅವು ಅಳಿಸಿಹೋಗಿ ಬೆನ್ನು ನುಣುಪಾಗಿ ಕಾಣುತ್ತದೆ, ಓರೆ ಬೆಳಕಿನ ಚಿತ್ರ ಕೇಳಿ ತರಿಸಿಕೊಳ್ಳಿ. ಕೆಳರೆಪ್ಪೆಯಲ್ಲಿ ಪಾರದರ್ಶಕ ಕಿಟಕಿಯೊಂದಿದೆ, ಆದರೆ ಅದು ಇಡೀ ಕುಲದಲ್ಲಿ ಸಾಮಾನ್ಯ; ಪ್ರಭೇದ ಹೇಳುವುದಿಲ್ಲ. ಬಾಲವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕಳಚಿ ಮತ್ತೆ ಬೆಳೆದದ್ದಾದರೆ ಉದ್ದವೂ ಬಣ್ಣವೂ ಬೇರೆ.

ಬಾಲ ನೀಲಿ ಪಟ್ಟೆಯದಾಗಿ ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದು, ಮೈ ಚಪ್ಪಟೆಯಾಗಿದ್ದರೆ ಅದು ಹೊಲಾಸ್ಪಿಸ್. ಅದೂ ಆಫ್ರಿಕದ ಮರವಾಸಿಯೇ, ಮರದಿಂದ ಮರಕ್ಕೆ ತೇಲುತ್ತದೆ. ಆದರೆ ಹಾವುರಾಣಿಯಲ್ಲ, ಲ್ಯಾಸರ್ಟಿಡ್ ಕುಟುಂಬದ್ದು. ತೊಡೆಯ ಒಳಬದಿಯಲ್ಲಿ ಸಾಲಾಗಿ ರಂಧ್ರಗಳಿದ್ದರೆ ಅನುಮಾನವೇ ಬೇಡ: ಹಾವುರಾಣಿಗಳಿಗೆ ಅವು ಇರುವುದಿಲ್ಲ.

ಚಿತ್ರ ತೆಗೆದ ಊರಿನ ಹೆಸರೂ ಬೇಕು. ಗಿನಿ ಕೊಲ್ಲಿಯ ಸಾವೊ ಟೋಮೆ ಮತ್ತು ಪ್ರಿನ್ಸಿಪೆ ದ್ವೀಪಗಳಲ್ಲಿರುವುದನ್ನೂ ಹಿಂದೆ ಮ್ಯಾಕುಲಿಲಾಬ್ರಿಸ್ ಎಂದೇ ಕರೆಯುತ್ತಿದ್ದರು. 2016ರಲ್ಲಿ ಅವನ್ನು ಎರಡು ಬೇರೆ ಪ್ರಭೇದಗಳನ್ನಾಗಿ ಮಾಡಿದರು. ಹಳೆಯ ಪುಸ್ತಕದಲ್ಲಿ 'ಮಬೂಯಾ' ಎಂದಿದ್ದರೆ ಗಾಬರಿಯಾಗಬೇಡಿ. ನಮ್ಮ ಹಿತ್ತಲಿನ ಹಾವುರಾಣಿಯೂ ಆಗ ಅದೇ ಕುಲದಲ್ಲಿತ್ತು, ಈಗ ಯೂಟ್ರೋಪಿಸ್. ಆಫ್ರಿಕದವು 2003ರಿಂದ ಟ್ರಾಕಿಲೆಪಿಸ್.

ಇನ್ನು 'ಮರಹಾವುರಾಣಿ'. ಪದ ಚೆನ್ನಾಗಿದೆ, ಆದರೆ ನನ್ನ ಮಟ್ಟಿಗೆ ಇಲ್ಲಿ ಸಲ್ಲದು. ಈ ಪ್ರಾಣಿ ಕಾಂಡ, ಬೇಲಿ, ಮನೆಗೋಡೆ ಎಲ್ಲ ಹತ್ತುತ್ತದೆ, ನೆಲದಲ್ಲೂ ಓಡಾಡುತ್ತದೆ. ನಮ್ಮ ಪಶ್ಚಿಮಘಟ್ಟದ ಡಾಸಿಯಾ ಕುಲದ ಹಾವುರಾಣಿ ನಿಜವಾಗಿ ಮರದ ಮೇಲೇ ಬಾಳುವುದು, ಆ ಹೆಸರು ಅದಕ್ಕಿರಲಿ. ಇದಕ್ಕೆ 'ಚುಕ್ಕೆತುಟಿ ಹಾವುರಾಣಿ' ಎಂದು ಬರೆದು, ಮೊದಲ ಸಲ ಮಾತ್ರ ವೈಜ್ಞಾನಿಕ ಹೆಸರು ಜೊತೆಗಿಡಿ. ಏಣು ಕಾಣದ ಚಿತ್ರವೊಂದೇ ಕೈಯಲ್ಲಿದ್ದರೆ 'ಟ್ರಾಕಿಲೆಪಿಸ್ ಕುಲದ ಹಾವುರಾಣಿ' ಎಂದು ನಿಲ್ಲಿಸಿ.