ಅಜ್ಜಿಯ ಕುಂಬಳದ ಬೀಜ ಹಾಕಿದರೆ ಬೇರೆಯೇ ಕಾಯಿ ಬರ್ತಿದೆ, ಯಾಕೆ?

ಹಿತ್ತಿಲಬಳ್ಳಿ:
ಅಜ್ಜಿ ಕಾಲದ ಸಿಹಿಗುಂಬಳದ ಬೀಜವನ್ನು 3 ವರ್ಷದಿಂದ ನಾನೇ ತೆಗೆದಿಟ್ಟು ಹಾಕುತ್ತಿದ್ದೇನೆ. ಚಪ್ಪಟೆ ಕಾಯಿ, ಗಟ್ಟಿ ತಿರುಳು. ಈ ಸಲ 5 ಬಳ್ಳಿಯಲ್ಲಿ 2ರ ಕಾಯಿ ಸೋರೆಕಾಯಿಯ ಹಾಗೆ ಉದ್ದ, ತಿರುಳು ನೀರುನೀರು. ಹೋದ ವರ್ಷ ಪಕ್ಕದಲ್ಲೇ ಹೈಬ್ರಿಡ್ ಕುಂಬಳವನ್ನೂ ಹಾಕಿದ್ದೆ. ಆದರೆ ಆಗ ಅಜ್ಜಿಯ ಬಳ್ಳಿಯಲ್ಲಿ ಕಾಯಿ ಸರಿಯಾಗಿಯೇ ಇತ್ತಲ್ವಾ? ತಳಿ ಕೈತಪ್ಪಿತಾ?

ಬೀಜದಡಬ್ಬಿ:
ಇನ್ನೂ ಇಲ್ಲ. ಪಕ್ಕದ ಪರಾಗವನ್ನು ಜೇನ್ನೊಣ ತಂದು ಹಚ್ಚಿದೆ ಅಷ್ಟೆ. ಕಾಯಿಯ ತಿರುಳು ತಾಯಿ ಬಳ್ಳಿಯದ್ದೇ, ಹಾಗಾಗಿ ಆ ವರ್ಷ ಏನೂ ಗೊತ್ತಾಗುವುದಿಲ್ಲ. ಬೆರಕೆ ಇರುವುದು ಒಳಗಿನ ಬೀಜದಲ್ಲಿ.

ಇನ್ನುಮುಂದೆ ಕೈಯಾರೆ ಪರಾಗ ಹಚ್ಚಿ. ಸಂಜೆ ಬಳ್ಳಿ ನೋಡಿ, ಮರುದಿನ ಅರಳುವ ಮೊಗ್ಗಿನ ತುದಿ ಹಳದಿಯಾಗಿರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ಉದ್ದ ತೊಟ್ಟಿದ್ದರೆ ಗಂಡು. ಎರಡರ ತುದಿಯನ್ನೂ ದಾರದಿಂದ ಕಟ್ಟಿ. ಬೆಳಿಗ್ಗೆ ಬೇಗ ಗಂಡು ಹೂವು ಕಿತ್ತು, ಎಸಳು ಹರಿದು, ಒಳಗಿನ ಕಡ್ಡಿಯನ್ನು ಹೆಣ್ಣು ಹೂವಿನ ನಡುವೆ ಸವರಿ. ಮತ್ತೆ ಬಾಯಿ ಕಟ್ಟಿ. ತೊಟ್ಟಿಗೆ ಕೆಂಪು ದಾರದ ಗುರುತು ಇರಲಿ.

ನಾನು ಮೊದಲ ಸಲ ಹೆಣ್ಣು ಹೂವು ಮಾತ್ರ ಕಟ್ಟಿ, ಗಂಡನ್ನು ಸುಮ್ನೆ ಬಿಟ್ಟಿದ್ದೆ. ಬೆಳಿಗ್ಗೆ ಹೋದರೆ ಅದರೊಳಗೆ ಎರಡು ಜೇನ್ನೊಣ ಮೈತುಂಬ ಹಳದಿ ಬಳಿದುಕೊಂಡು ಕೂತಿವೆ! ಎಲ್ಲೆಲ್ಲಿ ಸುತ್ತಿ ಬಂದಿದ್ದವೋ ಏನೋ. ಆ ವರ್ಷದ ಬೀಜ ದಂಡ.

ಮಣ್ಣಂಗೈ:
ಎಲ್ಲ ಕುಂಬಳವೂ ಒಂದಕ್ಕೊಂದು ಸುಲಭವಾಗಿ ಬೆರೆಯುವುದಿಲ್ಲ. ಮ್ಯಾಕ್ಸಿಮಾ, ಮೊಸ್ಕಾಟಾ, ಪೆಪೊ ಅಂತ ಬೇರೆ ಬೇರೆ ಜಾತಿ ಇವೆ, ಬೆರಕೆ ಜಾಸ್ತಿ ಆಗುವುದು ಒಂದೇ ಜಾತಿಯೊಳಗೆ. ತೊಟ್ಟು ದುಂಡಗೆ, ಬೆಂಡಿನ ಹಾಗೆ ಮೆತ್ತಗಿದ್ದರೆ ಮ್ಯಾಕ್ಸಿಮಾ. ಗಟ್ಟಿಯಾಗಿ 5 ಮೂಲೆ ಇದ್ದು, ಕಾಯಿಗೆ ಸೇರುವಲ್ಲಿ ಅಗಲವಾದರೆ ಮೊಸ್ಕಾಟಾ. ಮುಂದಿನ ಸಲ ಪಕ್ಕದಲ್ಲಿ ಬೇರೆ ಜಾತಿ ಹಾಕಿದರೆ ತಲೆನೋವು ಕಡಿಮೆ. ಇನ್ನೊಂದು ಮಾತು: ಬೆರಕೆ ಕಾಯಿ ಕಹಿಯಾಗಿದ್ದರೆ ಉಗಿದುಬಿಡಿ, ಅಡುಗೆಗೆ ಹಾಕಬೇಡಿ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ.

ಹಿತ್ತಿಲಬಳ್ಳಿ:
ಕಹಿ ಇಲ್ಲ, ಸಪ್ಪೆ ಅಷ್ಟೆ. ಎರಡರದ್ದೂ ತೊಟ್ಟು 5 ಮೂಲೆಯದ್ದೇ! ಉಳಿದ 3 ಬಳ್ಳಿಯ ಬೀಜ ಇಟ್ಟುಕೊಳ್ಳಲಾ?

ಬೀಜದಡಬ್ಬಿ:
ಈ ವರ್ಷ ಅವಕ್ಕೂ ಆ ಎರಡರ ಪರಾಗ ಬಿದ್ದಿರಬಹುದು. ಹೈಬ್ರಿಡ್ ಹಾಕುವ ಮೊದಲಿನ ಬೀಜ ಮನೆಯಲ್ಲಿ ಎಲ್ಲಾದರೂ ಉಳಿದಿದೆಯಾ ನೋಡಿ. ಒಣಗಿಸಿಟ್ಟ ಕುಂಬಳದ ಬೀಜ ನಾಲ್ಕೈದು ವರ್ಷ ಮೊಳೆಯುತ್ತದೆ.

ಹಿತ್ತಿಲಬಳ್ಳಿ:
ಹಳೇ ಬಾಟಲಿಯ ತಳದಲ್ಲಿ 14 ಸಿಕ್ಕಿವೆ!

ಬೀಜದಡಬ್ಬಿ:
7 ಹಾಕಿ, 7 ಬಾಟಲಿಯಲ್ಲೇ ಇರಲಿ.