ಫೆರಿಟಿನ್ ನಾರ್ಮಲ್ ಅಂತಿದೆ, ಆದರೂ ಅಮ್ಮನಿಗೆ ರಕ್ತ ಕಮ್ಮಿ ಯಾಕೆ?

ಶ್ರೀನಿವಾಸಪುರದ ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಎರಡು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತಲ್ಲ ಅಂತ ಸುಮ್ನೆ ಇದ್ದೆವು. ಮೊನ್ನೆ ಮೊರ ಹಿಡಿದು ಅಕ್ಕಿ ಕೇರುತ್ತಾ ಕೂತವರು ನಡುನಡುವೆ ಹಸಿ ಅಕ್ಕಿಯನ್ನೇ ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುತ್ತಿದ್ದರು. ಕೇಳಿದರೆ 'ಯಾಕೋ ಬಾಯಿ ಬೇಡುತ್ತೆ ಕಣೇ' ಅಂದರು. ರಕ್ತ ಕಮ್ಮಿ ಆಗಿರಬಹುದಾ ಅಂತ ಅನುಮಾನ ಬಂದು ರಕ್ತ ಪರೀಕ್ಷೆ ಮಾಡಿಸಿದೆ.

ಹಿಮೋಗ್ಲೋಬಿನ್ 8.7, ಆರ್‌ಬಿಸಿ 3.9, ಎಂಸಿವಿ 69, ಆರ್‌ಡಿಡಬ್ಲ್ಯೂ 19. ಸೀರಮ್ ಐರನ್ 28, ಟಿಐಬಿಸಿ 340. ಸಿಆರ್‌ಪಿ 22. ಆದರೆ ಫೆರಿಟಿನ್ 46, ಅದರ ಮುಂದೆ ನಾರ್ಮಲ್ ಅಂತ ಇದೆ. ಅಂದರೆ ಕಬ್ಬಿಣದ ಕೊರತೆ ಇಲ್ಲ ಅಂತಾನಾ? ಮಂಡಿನೋವು, ಮಂಡಿ ಊತ ಬಿಟ್ಟರೆ ಬೇರೆ ಕಾಯಿಲೆ ಇಲ್ಲ.

ಕೋಲಾರದ ಲ್ಯಾಬ್ ಟೆಕ್ನಿಷಿಯನ್
ಮೇಡಂ, ರಿಪೋರ್ಟ್ ಏನು ಹೇಳುತ್ತಿದೆ ಅಂತ ನಾನು ಹೇಳಬಲ್ಲೆ, ಚಿಕಿತ್ಸೆ ಡಾಕ್ಟರೇ ಹೇಳಬೇಕು. ಎಂಸಿವಿ ಅಂದರೆ ಕೆಂಪು ರಕ್ತಕಣದ ಗಾತ್ರ, 80ರಿಂದ 100 ಇರಬೇಕು. ನಿಮ್ಮ ತಾಯಿಯವರ ಕಣಗಳು ತುಂಬಾ ಸಣ್ಣ. ಆರ್‌ಡಿಡಬ್ಲ್ಯೂ ಜಾಸ್ತಿ ಇದೆ ಅಂದರೆ ಒಂದು ಕಣ ದೊಡ್ಡದು, ಒಂದು ಚಿಕ್ಕದು, ಏರುಪೇರು. ಎಂಸಿವಿಯನ್ನು ಕೆಂಪುಕಣಗಳ ಸಂಖ್ಯೆಯಾದ ಆರ್‌ಬಿಸಿಯಿಂದ ಭಾಗಿಸಿದರೆ 17ಕ್ಕೂ ಜಾಸ್ತಿ ಬರುತ್ತದೆ. 13ಕ್ಕಿಂತ ಕಮ್ಮಿ ಬಂದಿದ್ದರೆ ಥಲಸ್ಸೀಮಿಯಾ, ಅಂದರೆ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ, ಇರಬಹುದಾ ಅಂತ ನೋಡುತ್ತಿದ್ದೆವು.

ಈಗ ಫೆರಿಟಿನ್. ಅದು ಹಗೇವಿನಲ್ಲಿ ತುಂಬಿಟ್ಟ ರಾಗಿ ಇದ್ದ ಹಾಗೆ, ಮೈಯಲ್ಲಿ ಎಷ್ಟು ಕಬ್ಬಿಣ ದಾಸ್ತಾನಿದೆ ಅಂತ ತೋರಿಸುತ್ತದೆ. ತೊಂದರೆ ಏನಪ್ಪಾ ಅಂದರೆ ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ, ಸೋಂಕು ಇದ್ದರೆ, ದಾಸ್ತಾನು ಖಾಲಿ ಇದ್ದರೂ ಫೆರಿಟಿನ್ ತಾನಾಗಿಯೇ ಮೇಲೇರುತ್ತದೆ. ಸಿಆರ್‌ಪಿ 22 ಇದೆಯಲ್ಲ, ಅದು ಉರಿಯೂತ ಇದೆಯಾ ಅಂತ ನೋಡುವ ಪರೀಕ್ಷೆ, ಅದೇ ಆ ಸುಳಿವು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಆರೋಗ್ಯವಾಗಿರುವ ದೊಡ್ಡವರಿಗೆ 15ಕ್ಕಿಂತ ಕಮ್ಮಿ ಇದ್ದರೆ ಕೊರತೆ, ಉರಿಯೂತ ಇರುವವರಿಗಾದರೆ 70ಕ್ಕಿಂತ ಕಮ್ಮಿ ಇದ್ದರೂ ಕೊರತೆ ಎಂದು ಹೇಳಿದೆ. ಇನ್ನು ಟಿಐಬಿಸಿ ಅಂದರೆ ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನುವ ಲೆಕ್ಕ. ಐರನ್ 28ನ್ನು ಆ 340ರಿಂದ ಭಾಗಿಸಿ ನೂರರಿಂದ ಗುಣಿಸಿ, ಸುಮಾರು ಶೇಕಡ 8 ಬರುತ್ತದೆ. ಇದು 20ರ ಮೇಲೆ ಇರಬೇಕಿತ್ತು. ಎಲ್ಲ ಸೇರಿಸಿ ನೋಡಿದರೆ ಕಬ್ಬಿಣದ ಕೊರತೆಯೇ ಅನ್ನಿಸುತ್ತದೆ.

ಒಂದು ಮಾತು ಕೇಳಲೇಬೇಕು, ಮಂಡಿನೋವಿಗೆ ಯಾವ ಮಾತ್ರೆ ತಗೋತಾರೆ? ಎಷ್ಟು ದಿನದಿಂದ?

ಗೌರಿಬಿದನೂರು
ನಾನೂ ಅದನ್ನೇ ಕೇಳಬೇಕು ಅಂತಿದ್ದೆ ಅಕ್ಕ. ಮುಟ್ಟು ನಿಂತವರಿಗೆ, ಗಂಡಸರಿಗೆ ಕಬ್ಬಿಣ ಕಮ್ಮಿ ಆದರೆ ರಕ್ತ ಎಲ್ಲಿ ಸೋರುತ್ತಿದೆ ಅಂತ ಮೊದಲು ಹುಡುಕಬೇಕು. ನಮ್ಮಪ್ಪನಿಗೆ ಒಬ್ಬರು ಆರು ತಿಂಗಳು ಬರೀ ಟಾನಿಕ್ ಕೊಟ್ಟರು. ಕೊನೆಗೆ ಎಂಡೋಸ್ಕೋಪಿ ಮಾಡಿಸಿದಾಗ ಹೊಟ್ಟೆಯಲ್ಲಿ ಹುಣ್ಣು. ಸೊಂಟನೋವಿನ ಮಾತ್ರೆಯಿಂದ ಆಗಿದ್ದು. ಆ ಆರು ತಿಂಗಳು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಮ್ಮನ ಮಲ ಕಪ್ಪಗಿದೆಯಾ ಕೇಳಿ, ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ಹಾಗಾಗುತ್ತದೆ. ಐರನ್ ಮಾತ್ರೆ ಶುರು ಮಾಡಿದ ಮೇಲೆ ಸಾಮಾನ್ಯವಾಗಿ ಕಪ್ಪಗೇ ಹೋಗುತ್ತದೆ, ಆಮೇಲೆ ನೋಡಿದರೆ ಗೊತ್ತಾಗಲ್ಲ.

ಶ್ರೀನಿವಾಸಪುರದ ಮಗಳು
ಈಗ ತಾನೇ ಕೇಳಿದೆ. ಮೆಡಿಕಲ್ ಶಾಪಿನಿಂದ ತಾವೇ ತಂದುಕೊಂಡು ನಾಲ್ಕು ತಿಂಗಳಿಂದ ದಿನಾ ಒಂದು ಡೈಕ್ಲೋಫೆನಾಕ್ ನುಂಗುತ್ತಿದ್ದಾರಂತೆ, ಎಷ್ಟೋ ದಿನ ಬರೀ ಹೊಟ್ಟೆಯಲ್ಲಿ. ಹತ್ತು ದಿನದಿಂದ ಮಲ ಟಾರಿನ ಹಾಗೆ ಕಪ್ಪಗೆ ಹೋಗ್ತಿದೆಯಂತೆ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಐರನ್ ಮಾತ್ರೆ ಇನ್ನೂ ಶುರುವೇ ಮಾಡಿಲ್ಲ. ಸೋಮವಾರ ಡಾಕ್ಟರ್ ಹತ್ತಿರ ಹೋಗೋಣ ಅಂತಿದ್ದೆವು.

ಕೋಲಾರದ ಲ್ಯಾಬ್ ಟೆಕ್ನಿಷಿಯನ್
ಸೋಮವಾರದವರೆಗೆ ಕಾಯಬೇಡಿ ಮೇಡಂ, ಇವತ್ತೇ ಹೊರಡಿ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ, ಇಲ್ಲಾಂದರೆ ಕೋಲಾರದ ಜಿಲ್ಲಾ ಆಸ್ಪತ್ರೆಗೆ ಬನ್ನಿ. ಆ ಮಾತ್ರೆ ಇನ್ನೊಂದೂ ನುಂಗುವುದು ಬೇಡ. ಖಾಲಿ ಸ್ಟ್ರಿಪ್ ಇದ್ದರೆ ಅದನ್ನೂ, ಈ ರಿಪೋರ್ಟನ್ನೂ ತಗೊಂಡು ಹೋಗಿ ತೋರಿಸಿ. ಮಲ ಕಪ್ಪಗಿದೆ ಅನ್ನುವುದನ್ನು ಮೊದಲ ಮಾತಿನಲ್ಲೇ ಹೇಳಿ.

ಶ್ರೀನಿವಾಸಪುರದ ಮಗಳು
ಅಣ್ಣ ಕಾರು ತರೋಕೆ ಹೋಗಿದ್ದಾನೆ. ಹೊರಟ್ವಿ.