ಪದಚರ್ಚೆ: ಅಂಗಾತ, ಕವುಚಿ, ಮಗ್ಗುಲು – ಆಟದ ಇಟ್ಟಿಗೆಗೆ ಮುಖ ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿದ್ದೇನೆ, ಮಾತು ಸಾಲುತ್ತಿಲ್ಲ. ಆಟದ ಇಟ್ಟಿಗೆ ಹೇಗೆ ಇದ್ದರೆ ಅಂಗಾತ, ಹೇಗೆ ಇದ್ದರೆ ಕವುಚಿ ಅಂತ ನಿಮ್ಮನ್ನು ಕೇಳಬೇಕಾಗಿದೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ವಾಚನಾಲಯಕ್ಕೆ ರಜೆಯಲ್ಲಿ ಮಕ್ಕಳು ಬರುತ್ತಾರೆ. ಗಲ್ಫಿನಿಂದ ಬಂದವರೊಬ್ಬರು ದೊಡ್ಡ ಡಬ್ಬಿ ತುಂಬ ಲೆಗೋ, ಅಂದರೆ ಒಂದಕ್ಕೊಂದು ಸೇರಿಸಿ ಕಟ್ಟುವ ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆ, ಕೊಟ್ಟು ಹೋಗಿದ್ದಾರೆ. ಎಲ್ಲ ಬಿಡಿ ಬಿಡಿ, ಹೇಗೆ ಕಟ್ಟಬೇಕೆಂಬ ಪುಸ್ತಕ ಇಲ್ಲ. ಅದರಲ್ಲಿ ಹಳೆಯ ವೋಲ್ವೋ 240 ಎಸ್ಟೇಟ್ ಕಾರನ್ನು ಕಟ್ಟಿಸೋಣ ಅಂತ ಹೊರಟಿದ್ದೇನೆ. ಆ ಕಾರನ್ನೇ ಆರಿಸಿದ್ದು ಅದು ಪೂರಾ ಚೌಕ ಅಂತ. ಇಟ್ಟಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಒಂದೊಂದೇ ಹಂತ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಮಕ್ಕಳೆಲ್ಲ ಕನ್ನಡ ಮಾಧ್ಯಮದವರೇ. ಆದರೆ ಮನೆಯಲ್ಲಿ ಒಬ್ಬನದು ತುಳು, ಒಬ್ಬನದು ಮಲಯಾಳ, ಒಬ್ಬಳದು ಬ್ಯಾರಿ, ಇನ್ನೊಬ್ಬಳದು ಹವ್ಯಕ. ಒಂದು ಪದ ಬರೆದರೆ ಎಲ್ಲರಿಗೂ ಒಂದೇ ಅರ್ಥ ಹೊಳೆಯಬೇಕು. ಕಷ್ಟ ಇರುವುದು ಅಲ್ಲೇ.

ಕಾರಿನ ಹೆಸರಿನಲ್ಲೇ ಸಿಕ್ಕಿಹಾಕಿಕೊಂಡೆವು. ‘ವೋಲ್ವೋ ಅಂದ್ರೆ ಬಸ್ಸಲ್ವಾ ಮಾಷ್ಟ್ರೆ?’ ಅಂತ ಒಬ್ಬ. ‘ಯಾವ ಎಸ್ಟೇಟಿನ ಕಾರು?’ ಅಂತ ಇನ್ನೊಬ್ಬಳು. ಎರಡೂ ಸರಿಯಾದ ಪ್ರಶ್ನೆಗಳೇ. ನಮ್ಮ ಕಡೆ ಎಸ್ಟೇಟ್ ಅಂದರೆ ಗುಡ್ಡದ ಮೇಲಿನ ರಬ್ಬರು, ಗೇರು. ಅಡಿಕೆ ಇರುವುದು ತೋಟ. ಅದು ಎಷ್ಟೇ ಎಕರೆ ಇದ್ದರೂ ಯಾರೂ ಎಸ್ಟೇಟ್ ಅನ್ನುವುದಿಲ್ಲ. ಪೆರ್ಲ, ಎಣ್ಮಕಜೆ ಕಡೆ ಹೋದರೆ ಎಸ್ಟೇಟ್ ಅಂದ ಕೂಡಲೇ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ಗುಡ್ಡೆಯೇ ನೆನಪಿಗೆ ಬರುತ್ತದೆ. ಹಾಗಾಗಿ ‘ಎಸ್ಟೇಟ್ ಕಾರು’ ಅಂದರೆ ಮ್ಯಾನೇಜರು ಓಡಾಡುವ ಜೀಪು ಅಂತಲೇ ಅರ್ಥವಾಗುತ್ತದೆ.

ತಮಾಷೆ ಎಂದರೆ ಹೆಸರು ಹುಟ್ಟಿದ್ದೂ ಹೆಚ್ಚುಕಡಿಮೆ ಹಾಗೆಯೇ. ಇಂಗ್ಲೆಂಡಿನಲ್ಲಿ ದೊಡ್ಡ ಜಮೀನ್ದಾರರ ಆಸ್ತಿಗೆ ಎಸ್ಟೇಟ್ ಅನ್ನುತ್ತಿದ್ದರು. ರೈಲು ಇಳಿದ ನೆಂಟರನ್ನು, ಅವರ ಪೆಟ್ಟಿಗೆಗಳನ್ನು ಅಲ್ಲಿಗೆ ಹೊತ್ತು ತರುವ ಗಾಡಿಗೆ ಎಸ್ಟೇಟ್ ಕಾರು ಅಂತ ಹೆಸರು ಬಂತು. ಅಮೆರಿಕದವರು ಅದೇ ಥರದ ಗಾಡಿಗೆ ಸ್ಟೇಷನ್ ವ್ಯಾಗನ್ ಅಂದರು. ದಾರಿ ಒಂದೇ. ಒಬ್ಬರು ಹೊರಟ ಕಡೆಯ ಹೆಸರಿಟ್ಟರು, ಇನ್ನೊಬ್ಬರು ಮುಟ್ಟಿದ ಕಡೆಯದ್ದು. ಜರ್ಮನರು ಕೋಂಬಿ ಅಂದು ಮುಗಿಸಿಬಿಟ್ಟರು, ಜನವೂ ಸಾಮಾನೂ ಎರಡೂ ಹಿಡಿಯುವ ಗಾಡಿ ಅಂತ. ನಮ್ಮ ದೇಶದಲ್ಲಿ ಟಾಟಾದವರು 1992ರಲ್ಲಿ ತಮ್ಮ ಕಾರಿಗೆ ‘ಎಸ್ಟೇಟ್’ ಅಂತಲೇ ಹೆಸರಿಟ್ಟು ಮಾರಿದರು. ಮಾತು ಮಾತ್ರ ಊರಲ್ಲಿ ಬೇರೂರಲಿಲ್ಲ. ಹಾಗಾಗಿ ನಾನು ‘ಉದ್ದ ಡಿಕ್ಕಿಯ ಕಾರು’ ಅಂತ ಬರೆಯೋಣವೆಂದುಕೊಂಡೆ.

ಅಲ್ಲಿ ಇನ್ನೊಂದು ತಕರಾರು. ಈ ಕಾರಿಗೆ ಡಿಕ್ಕಿ ಇದೆ ಅನ್ನಬಹುದಾ? ಡಿಕ್ಕಿ ಅಂದರೆ ನಾವೆಲ್ಲ ಅಂಬಾಸಿಡರಿನ ಹಿಂದೆ ಬೇರೆಯಾಗಿ ಮುಚ್ಚಳ ತೆರೆಯುವ ಪೆಟ್ಟಿಗೆ ಅಂದುಕೊಂಡವರು. ಎಸ್ಟೇಟ್ ಕಾರಿನಲ್ಲಿ ಸೀಟಿನ ಹಿಂದೆ ಗೋಡೆಯೇ ಇಲ್ಲ. ಮಾಡು (ಛಾವಣಿ) ಹಿಂದಿನ ತುದಿವರೆಗೂ ಹೋಗುತ್ತದೆ, ಅಲ್ಲಿಗೊಂದು ಬಾಗಿಲು. ವೋಲ್ವೋದವರು ಅದನ್ನು ಬಾಗಿಲು ಅಂತಲೇ ಎಣಿಸಿದ್ದಾರೆ. ಶುರುವಿನ ವರ್ಷಗಳಲ್ಲಿ ಈ ಕಾರುಗಳಿಗೆ 242, 244, 245 ಅಂತ ನಂಬರು ಇತ್ತು. ಮೊದಲಿನ 2 ಕಾರಿನ ಸಾಲು, ನಡುವಿನ 4 ಸಿಲಿಂಡರು, ಕೊನೆಯದು ಬಾಗಿಲಿನ ಲೆಕ್ಕ. ನಾಲ್ಕು ಬಾಗಿಲಿನದು 244. ಎಸ್ಟೇಟ್ 245, ಅಂದರೆ ಹಿಂದಿನದೇ ಐದನೆಯ ಬಾಗಿಲು. ಆ ಜಾಗದಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುವ ಮಕ್ಕಳ ಸೀಟನ್ನೂ ಬೇಕಾದವರು ಹಾಕಿಸಿಕೊಳ್ಳಬಹುದಿತ್ತು. ಡಿಕ್ಕಿ ಎಂಬ ಮಾತೂ ಮೊದಲು ಕುದುರೆ ಗಾಡಿಯ ಹಿಂದೆ ಆಳುಗಳು ಕೂರುವ ಸೀಟಿಗೆ ಇದ್ದದ್ದು. ಸೀಟಿನಿಂದ ಪೆಟ್ಟಿಗೆಗೆ ಹೋದ ಮಾತು ಇಲ್ಲಿ ಮತ್ತೆ ಸೀಟಿಗೆ ಬಂತು ನೋಡಿ! ನನ್ನ ಪಟ್ಟಿಯಲ್ಲಿ ಈಗ ‘ಐದು ಬಾಗಿಲಿನ ಕಾರು’ ಅಂತಿದೆ, ಹಿಂದಿನ ಜಾಗಕ್ಕೆ ಡಿಕ್ಕಿ ಅಂತಲೇ ಬಿಟ್ಟಿದ್ದೇನೆ. ಮಲಯಾಳದ ಮಕ್ಕಳಿಗೂ ಅದು ಡಿಕ್ಕಿಯೇ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ, ಆದರೆ ನನ್ನ ನಿಜವಾದ ಪ್ರಶ್ನೆ ಇದಲ್ಲ.

ಭಾಗಗಳ ಹೆಸರೂ ಅಷ್ಟು ಕಷ್ಟ ಕೊಡಲಿಲ್ಲ. ಟಯರು, ಬಂಪರು, ಬಾನೆಟ್ಟು, ಗ್ಲಾಸು – ಇವಕ್ಕೆ ಕನ್ನಡ ಹುಡುಕುವ ಚಟ ನನಗಿಲ್ಲ. ಇಟ್ಟಿಗೆಯನ್ನು ಮಕ್ಕಳು ‘ಕಲ್ಲು’ ಅನ್ನುತ್ತಾರೆ. ಇಲ್ಲಿನ ಮನೆಗಳೆಲ್ಲ ಮುರಕಲ್ಲಿನವು, ಸುಟ್ಟ ಇಟ್ಟಿಗೆ ನೋಡುವುದೇ ಕಡಿಮೆ. ಇರಲಿ, ‘ಇಟ್ಟಿಗೆ’ಯೂ ಗೊತ್ತಾಗುತ್ತದೆ. ಮಲಯಾಳದ ಇಷ್ಟಿಕ, ತೆಲುಗಿನ ಇಟುಕ, ಮರಾಠಿಯ ವೀಟ್ ಎಲ್ಲ ಒಂದೇ ಬಳಗ. ತೆಳ್ಳಗಿನ ತುಂಡಿಗೆ ‘ಹಲಗೆ’ ಅಂದೆ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಹಲಗೆಯದು 3.2. ಮೂರು ಹಲಗೆ ಒಂದರ ಮೇಲೊಂದು ಇಟ್ಟರೆ ಒಂದು ಇಟ್ಟಿಗೆ. ಮೇಲೆ ಏನೂ ಇಲ್ಲದ ನುಣುಪು ಹಲಗೆಗೆ ‘ಹಂಚು’. ಇಂಗ್ಲಿಷಿನಲ್ಲೂ ಅದಕ್ಕೆ ಟೈಲ್ ಅನ್ನುತ್ತಾರೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕರಾವಳಿಯಲ್ಲಿ ಹಂಚು ಗೊತ್ತಿಲ್ಲದವರು ಯಾರಿದ್ದಾರೆ?

ಇಟ್ಟಿಗೆಯ ಮೇಲಿನ ಉಬ್ಬು ಸ್ವಲ್ಪ ಕಾಡಿತು. ಮೊದಲು ‘ಗುಂಡಿ’ ಅಂತ ಬರೆದಿದ್ದೆ. ಅಂಗಿಯ ಗುಂಡಿ ಇದ್ದ ಹಾಗೆ ಇದೆಯಲ್ಲ ಅಂತ. ಆದರೆ ಗುಂಡಿ ಅಂದರೆ ಹೊಂಡವೂ ಹೌದು. ಉಬ್ಬಿಗೂ ತಗ್ಗಿಗೂ ಒಂದೇ ಮಾತು ಇಟ್ಟುಕೊಂಡು ಕಟ್ಟುವ ಕೆಲಸ ಹೇಳಿಕೊಡಲು ಆಗುತ್ತದೆಯೇ? ಈಗ ‘ಗುಬ್ಬಿ’ ಅಂತ ಮಾಡಿದ್ದೇನೆ. ಮಕ್ಕಳು ನಕ್ಕರು, ಆದರೆ ಮರೆಯಲಿಲ್ಲ.

ಕ್ರಿಯಾಪದಗಳಲ್ಲಿ ಕನ್ನಡ ಕೈ ಕೊಡಲಿಲ್ಲ. ‘ಇಡು’ ಸಾಲದು, ಸುಮ್ನೆ ಇಟ್ಟರೆ ಬೀಳುತ್ತದೆ. ‘ಒತ್ತಿ ಕೂರಿಸು’ ಅಂದರೆ ಸರಿ. ಬೇರಿಂಗ್ ಕೂರಿಸುವ ಮೆಕ್ಯಾನಿಕ್ಕಿಗೂ ಕಲ್ಲು ಕೂರಿಸುವ ಮೇಸ್ತ್ರಿಗೂ ಅದೇ ಮಾತು. ಕೂತ ಮೇಲೆ ಅದು ‘ಕಚ್ಚಿಕೊಳ್ಳುತ್ತದೆ’. ಡೆನ್ಮಾರ್ಕಿನ ಈ ಕಂಪನಿಯ ಮೊದಲಿನ ಇಟ್ಟಿಗೆಗಳಿಗೆ ಒಳಗೆ ಬರೀ ಟೊಳ್ಳು ಇತ್ತು, ಹಿಡಿತ ಕಡಿಮೆ. 1958ರ ಜನವರಿ 28ರಂದು ಪೇಟೆಂಟ್‌ಗೆ ಅರ್ಜಿ ಹಾಕಿದ ಹೊಸ ಇಟ್ಟಿಗೆಯಲ್ಲಿ ಟೊಳ್ಳಿನೊಳಗೆ ಕೊಳವೆ ಬಂತು. ಕೆಳಗಿನ ಇಟ್ಟಿಗೆಯ ಗುಬ್ಬಿ ಆ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಕಚ್ಚುವುದು ಅಂದರೆ ಅದೇ.

ಇನ್ನು ನನ್ನ ಪ್ರಶ್ನೆ.

ಗುಬ್ಬಿ ಮೇಲೆ ಮಾಡಿ ಸಾಲು ಸಾಲಾಗಿ ಕಟ್ಟುತ್ತ ಹೋದರೆ ಗೋಡೆ ಆಗುತ್ತದೆ, ಕಾರು ಆಗುವುದಿಲ್ಲ. ಈ ಕಾರಿನ ಮುಂದಿನ ಜಾಲರಿ ಚಪ್ಪಟೆ, ಅದರ ಮೇಲೊಂದು ಓರೆ ಪಟ್ಟಿ. ಹಿಂದಿನ ಬಾಗಿಲು ಹೆಚ್ಚುಕಡಿಮೆ ನೆಟ್ಟಗೆ ನಿಂತದ್ದು, ಅದರ ಎರಡು ಮೂಲೆಗಳಲ್ಲಿ ಉದ್ದುದ್ದ ಕೆಂಪು ದೀಪ. ಇದು ಚೆಂದ ಬರಬೇಕಾದರೆ ಕೆಲವು ಇಟ್ಟಿಗೆಗಳನ್ನು ಗುಬ್ಬಿ ಹೊರಮುಖವಾಗಿ ಕೂರಿಸಬೇಕು, ಒಂದೆರಡನ್ನು ತಲೆಕೆಳಗಾಗಿಯೂ. ಅಳತೆ ಹೊಂದುತ್ತದೆ. ಎರಡು ಗುಬ್ಬಿಗಳ ನಡುವಿನ ದೂರ 8 ಮಿಲಿಮೀಟರ್. ಐದು ಹಲಗೆಯ ಎತ್ತರ 16, ಎರಡು ಗುಬ್ಬಿಯ ಅಗಲವೂ 16. ಹಾಗಾಗಿ ಅಡ್ಡ ತಿರುಗಿಸಿದ ತುಂಡು ನೆಟ್ಟಗಿನ ತುಂಡಿನ ಜೊತೆ ಸಂದಿಲ್ಲದೆ ಸೇರುತ್ತದೆ. ನಮ್ಮ ಕಾರು ಎಂಟು ಗುಬ್ಬಿ ಅಗಲ, ಅಂದರೆ 64 ಮಿಲಿಮೀಟರ್. ನಿಜವಾದ ಕಾರಿನ ಅಗಲ ಸುಮಾರು 1.7 ಮೀಟರ್, ಉದ್ದ ಸುಮಾರು 4.8. ಆ ಲೆಕ್ಕದಲ್ಲಿ ಉದ್ದ 22 ಗುಬ್ಬಿ ಬಂದರೆ ಕಾರಿನ ರೂಪ ಕೆಡುವುದಿಲ್ಲ.

ಈ ಮೂರು ಬಗೆಯ ಇಡುವಿಕೆಗೆ ಇಂಗ್ಲಿಷಿನವರು ಉದ್ದುದ್ದ ಮಾತು ಜೋಡಿಸುತ್ತಾರೆ: ಗುಬ್ಬಿ ಮೇಲೆ, ಗುಬ್ಬಿ ಕೆಳಗೆ, ಗುಬ್ಬಿ ಮೇಲಿಲ್ಲ. ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಮಾತು ರೆಡಿ ಇದೆ: ಅಂಗಾತ, ಕವುಚಿ, ಮಗ್ಗುಲು. ಘಟ್ಟದ ಮೇಲಿನವರು ಕವುಚಿಯ ಜಾಗಕ್ಕೆ ಬೋರಲು ಅನ್ನಬಹುದು. ಮಲಯಾಳದಲ್ಲೂ ಸಲೀಸು: ಮಲರ್ತಿ, ಕಮಿೞ್ತಿ, ಚೆರಿಚ್ಚು. ಮನುಷ್ಯ ಮಲಗುವುದಕ್ಕೂ ಪಾತ್ರೆ ಇಡುವುದಕ್ಕೂ ಅವರಿಗೂ ಇವೇ ಮಾತುಗಳು. ನನಗೆ ಬಹಳ ಖುಷಿಯಾಯಿತು. ‘ಈ ಇಟ್ಟಿಗೆಯನ್ನು ಮಗ್ಗುಲು ಕೂರಿಸಿ’ ಅಂತ ಬರೆದೆ, ಎಲ್ಲರೂ ಸರಿಯಾಗಿ ಕೂರಿಸಿದರು. ‘ಮಗುಚು’ ಬೇಡ ಅಂತ ಬಿಟ್ಟೆ. ದೋಸೆ ಮಗುಚಿದ ಮೇಲೆ ಯಾವ ಬದಿ ಮೇಲೆ ಬಂತು ಅಂತ ಆ ಮಾತು ಹೇಳುವುದಿಲ್ಲ.

ತೊಂದರೆ ಬಂದದ್ದು ‘ಕವುಚಿ’ಯಲ್ಲಿ. ಅರ್ಧ ಮಕ್ಕಳು ಗುಬ್ಬಿ ಕೆಳಗೆ ಮಾಡಿದರು. ಇನ್ನರ್ಧ ಏನೂ ತಿರುಗಿಸದೆ ಹಾಗೇ ಕೂರಿಸಿದರು. ಕೇಳಿದರೆ, ‘ಅದು ಕವುಚಿಯೇ ಇದೆಯಲ್ಲ ಮಾಷ್ಟ್ರೆ’ ಅಂದರು. ಅವರ ವಾದವನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿಲ್ಲ. ಇಟ್ಟಿಗೆಯ ಟೊಳ್ಳು ಇರುವುದು ಕೆಳಗೆ. ಪಾತ್ರೆಗೆ ಬಾಯಿ ಎಲ್ಲಿದೆಯೋ ಅದೇ ಮುಖ. ಬಾಯಿ ಕೆಳಗಾದರೆ ಕವುಚಿ, ಮೇಲಾದರೆ ಅಂಗಾತ. ಹಾಗೆ ನೋಡಿದರೆ ಲೆಗೋ ಇಟ್ಟಿಗೆ ಹುಟ್ಟಾ ಕವುಚಿ ಮಲಗಿದ್ದೇ. ಒಬ್ಬ ಹುಡುಗ ಕವಡೆಯನ್ನೂ ಸಾಕ್ಷಿಗೆ ತಂದ. ಚೌಕಾಬಾರದಲ್ಲಿ ಬಾಯಿ ಮೇಲಾಗಿ ಬಿದ್ದ ಕವಡೆಯೇ ಅಂಗಾತ, ಲೆಕ್ಕಕ್ಕೆ ಸಿಗುವುದು ಅದೇ. ನಾಲ್ಕೂ ಕವುಚಿ ಬಿದ್ದರೆ ಎಂಟು ಸಿಗುವುದು ಬೇರೆ ಮಾತು. ಅಲ್ಲೂ ಸೀಳಿರುವ ಬದಿಯೇ ಮುಖ, ಗುಂಡಗೆ ಉಬ್ಬಿದ ಬದಿ ಬೆನ್ನು.

ನನ್ನ ಪಕ್ಷ ಬೇರೆ. ನನಗೆ ಗುಬ್ಬಿ ಇರುವ ಬದಿಯೇ ಮುಖ. ಮೇಸ್ತ್ರಿಯೊಬ್ಬರನ್ನು ಕೇಳಿದೆ. ಘಟ್ಟದ ಮೇಲೆ ಕೆಲಸ ಮಾಡಿ ಬಂದವರು, ಸುಟ್ಟ ಇಟ್ಟಿಗೆಯ ಅಭ್ಯಾಸ ಇದ್ದವರು. ಆ ಇಟ್ಟಿಗೆಯ ಒಂದು ಬದಿಯಲ್ಲಿ ಸಣ್ಣ ತಗ್ಗು ಇರುತ್ತದೆ, ಅದರೊಳಗೆ ಭಟ್ಟಿಯವರ ಹೆಸರು ಒತ್ತಿರುತ್ತಾರೆ. ‘ಹೆಸರು ಮೇಲೆ ಬರಬೇಕು, ಆಗ ತಗ್ಗಿನಲ್ಲಿ ಗಾರೆ ತುಂಬಿ ಮೇಲಿನ ಇಟ್ಟಿಗೆ ಹಿಡಿಯುತ್ತದೆ’ ಅಂದರು. ಲೆಗೋದಲ್ಲಿ ಹೆಸರು ಎಲ್ಲಿದೆ? ಒಂದೊಂದು ಗುಬ್ಬಿಯ ನೆತ್ತಿಯ ಮೇಲೂ ಕಂಪನಿಯ ಹೆಸರು ಸಣ್ಣಗೆ ಮೂಡಿದೆ. ಹೆಸರು ಇದ್ದ ಬದಿ ಮುಖ ಅನ್ನುವುದಾದರೆ ಗೆಲುವು ನನ್ನದೇ. ಆದರೆ ಮೇಸ್ತ್ರಿಯ ಇಟ್ಟಿಗೆಯಲ್ಲಿ ತಗ್ಗೂ ಹೆಸರೂ ಒಂದೇ ಬದಿಗಿವೆ, ಲೆಗೋದಲ್ಲಿ ಅವೆರಡೂ ಬೇರೆ ಬೇರೆ ಕಡೆ. ಹುಡುಗ ಇದನ್ನು ಹಿಡಿದುಬಿಟ್ಟ. ಮೇಸ್ತ್ರಿಯ ಸಾಕ್ಷಿ ಅರ್ಧ ಅವನಿಗೂ ಹೋಯಿತು.

ಬಾಯಿಯೇ ಇಲ್ಲದ ವಸ್ತುಗಳನ್ನು ನೋಡಿದರೆ ನನ್ನ ಕಡೆಗೆ ಸ್ವಲ್ಪ ಬಲ ಬರುತ್ತದೆ. ಇಸ್ಪೀಟಿನ ಎಲೆ ಕವುಚಿ ಹಾಕು ಅಂದರೆ ಚಿತ್ರ ಕೆಳಗೆ. ತೆರೆದ ಪುಸ್ತಕ ಕವುಚಿ ಇಟ್ಟರೆ ಅಕ್ಷರ ಕೆಳಗೆ. ಅಂದರೆ ಬಾಯಿ ಇದ್ದರೆ ಬಾಯಿ, ಇಲ್ಲದಿದ್ದರೆ ನಾವು ಯಾವುದನ್ನು ನೋಡುತ್ತೇವೋ ಅದು ಮುಖ ಅನ್ನಬಹುದೇನೋ. ಲೆಗೋ ಇಟ್ಟಿಗೆಗೆ ಎರಡೂ ಇವೆ, ಎದುರುಬದುರು ಇವೆ. ಅದಕ್ಕೇ ಈ ಗಲಾಟೆ.

ನಮ್ಮ ಹಾಗೆ ಕರ್ನಾಟಕದ ಗಡಿಯಾಚೆ ಇರುವ ಕನ್ನಡಿಗರು – ಹೊಸೂರು, ಕೃಷ್ಣಗಿರಿ ಕಡೆಯವರು, ಅಕ್ಕಲಕೋಟೆ, ಜತ್ತದವರು, ಮಡಕಶಿರ, ಆದವಾನಿಯವರು – ಇದನ್ನು ಓದುತ್ತಿದ್ದರೆ ಸ್ವಲ್ಪ ನೆರವಾಗಿ. ನಿಮ್ಮಲ್ಲಿ ಅಂಗಾತ, ಬೋರಲು ಎಂಬ ಮಾತುಗಳನ್ನು ಪಾತ್ರೆ, ಮನುಷ್ಯ ಬಿಟ್ಟು ಬೇರೆ ಯಾವುದಕ್ಕೆ ಬಳಸುತ್ತೀರಿ? ಹಂಚಿಗೆ, ಹಲಗೆಗೆ, ಚಪ್ಪಲಿಗೆ ಹೇಳುತ್ತೀರಾ? ಒಂದು ಕಡೆ ಟೊಳ್ಳು, ಇನ್ನೊಂದು ಕಡೆ ಉಬ್ಬು ಇರುವ ವಸ್ತು ಮನೆಯಲ್ಲಿ, ಹೊಲದಲ್ಲಿ ಇದ್ದರೆ ಅದು ಹೇಗೆ ಬಿದ್ದಾಗ ಅಂಗಾತ? ಮಕ್ಕಳನ್ನು, ಹೆಂಗಸರನ್ನು ಕೇಳಿ ಬರೆದರೆ ಇನ್ನೂ ಒಳ್ಳೆಯದು, ನಿಘಂಟು ನನ್ನ ಹತ್ತಿರವೂ ಇದೆ. ಅಲ್ಲಿವರೆಗೆ ಗೋಡೆಯ ಮೇಲಿನ ಹಾಳೆಯಲ್ಲಿ ‘ಗುಬ್ಬಿ ಕೆಳಗೆ’ ಅಂತಲೇ ಬರೆದಿದ್ದೇನೆ. ಹಿಂದಿನ ಬಾಗಿಲು ಒಂದು ಬಾಕಿ ಇದೆ.